ನಾಟಕ ಆ್ಯಪ್‌ಗೆ, ಆಟ ಟಿವಿಗೆ, ರೇಡಿಯೊಗೆ ಉಳಿದದ್ದೇನು?

ಮಾನ್ಯ ಸಂಪಾದಕರೆ,

ಆಕಾಶವಾಣಿಯ ಭವಿಷ್ಯದ ಬಗ್ಗೆ ನಿಮ್ಮ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಲೇಖಕರ ವಾದ ಇಷ್ಟು: ಒಂದೇ ನಿಲಯದಿಂದ ಬೆಳಿಗ್ಗೆ ಶಾಸ್ತ್ರೀಯ ಸಂಗೀತ, ಮಧ್ಯಾಹ್ನ ಕ್ರಿಕೆಟ್, ಸಂಜೆ ಕೃಷಿರಂಗ, ರಾತ್ರಿ ನಾಟಕ ಎಂದು ಕಲಸುಮೇಲೋಗರ ಬಡಿಸುವ ಕಾಲ ಮುಗಿಯಿತು. ನಾಟಕವನ್ನು ಮೊಬೈಲ್ ಆ್ಯಪ್‌ಗೆ ಹಾಕಿ, ಆಟವನ್ನು ಟಿವಿಗೆ ಬಿಟ್ಟುಬಿಡಿ, ರೇಡಿಯೊದಲ್ಲಿ ಸುದ್ದಿ ಮತ್ತು ಚಿತ್ರಗೀತೆ ಇದ್ದರೆ ಸಾಕು. ಕೇಳುವುದಕ್ಕೆ ಅಚ್ಚುಕಟ್ಟಾಗಿಯೇ ಇದೆ. ಆದರೆ ಅವರು ಹೀಗಳೆದ ಆ ಕಲಸುಮೇಲೋಗರವೇ ಸಾರ್ವಜನಿಕ ರೇಡಿಯೊ ಮಾಡಬೇಕಾದ ಕೆಲಸ ಎಂಬುದು ನನ್ನ ತಕರಾರು.

ಮೊದಲು ಕಾನೂನಿನ ಮಾತು. ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿ ಏನೇನು ಮಾಡಬೇಕೆಂದು 1990ರ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಬರೆದಿಟ್ಟಿದ್ದಾರೆ. ಬೇರೆ ಬೇರೆ ಪ್ರದೇಶಗಳ ಸಂಸ್ಕೃತಿ, ಭಾಷೆಗಳಿಗೆ ಸಾಕಷ್ಟು ಜಾಗ ಕೊಡಬೇಕು ಎಂದಿದೆ. ಅದರ ಬೆನ್ನಿಗೇ ಕ್ರೀಡೆಗೂ ಸಾಕಷ್ಟು ಜಾಗ ಕೊಡಬೇಕು ಎಂದಿದೆ. ಆಟವನ್ನು ಟಿವಿಗೆ ಬಿಡಿ ಎನ್ನುವವರು 2007ರ ಇನ್ನೊಂದು ಕಾಯ್ದೆಯನ್ನೂ ನೋಡಲಿ. ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರ ಪ್ರಸಾರದ ಸಿಗ್ನಲ್ಲನ್ನು ಹಕ್ಕು ಕೊಂಡ ಕಂಪನಿ ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಲೇಬೇಕು ಎನ್ನುವ ಆ ಕಾಯ್ದೆ ಜಾಹೀರಾತಿನ ಹಣದ ಪಾಲನ್ನೂ ಹೇಳುತ್ತದೆ. ಟಿವಿಯಲ್ಲಿ ಹಕ್ಕುದಾರರಿಗೆ ಕನಿಷ್ಠ 75, ಪ್ರಸಾರ ಭಾರತಿಗೆ 25. ರೇಡಿಯೊದಲ್ಲಿ ಅದು 50:50. ಅಂದರೆ ಕಾಯ್ದೆ ಮಾಡಿದವರ ತಲೆಯಲ್ಲಿ ರೇಡಿಯೊ ಬೇರೆಯೇ ಒಂದು ಲೆಕ್ಕವಾಗಿ ಇತ್ತು. ಆ ಪಾಲನ್ನು ನಾವಾಗಿ ಬಿಟ್ಟುಕೊಡಬೇಕಂತೆ!

ಇನ್ನು ಆ್ಯಪ್ ವಿಚಾರ. ಲೇಖಕರು ಒಮ್ಮೆ ಅಡಿಕೆ ಸುಗ್ಗಿಯಲ್ಲಿ ನಮ್ಮ ಮಲೆನಾಡಿನ ಕಡೆ ಬರಲಿ. ರಾತ್ರಿ ಊಟವಾದ ಮೇಲೆ ಅಂಗಳದ ಚಪ್ಪರದಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಹತ್ತಾರು ಜನ ಅಡಿಕೆ ಸುಲಿಯಲು ಕೂರುತ್ತಾರೆ. ಕಣ್ಣು ಕತ್ತಿಯ ಮೇಲಿರಬೇಕು, ತಪ್ಪಿದರೆ ಬೆರಳು ಹೋಗುತ್ತದೆ. ಕೈಯೆಲ್ಲ ಚೊಗರು ಹತ್ತಿ ಕಪ್ಪಾಗಿರುತ್ತದೆ. ಆ ಕೈಯಲ್ಲಿ ಮೊಬೈಲಿನ ಗಾಜು ತೀಡಿ ನಾಟಕ ಹುಡುಕುವವರು ಯಾರು? ಹುಡುಕಿದರೂ ನೆಟ್‌ವರ್ಕ್ ಎಲ್ಲಿದೆ? ಕಂಬಕ್ಕೆ ನೇತುಹಾಕಿದ ರೇಡಿಯೊ ಮಾತ್ರ ತನ್ನ ಪಾಡಿಗೆ ಮಾತಾಡುತ್ತಿರುತ್ತದೆ. ಪ್ರದೇಶ ಸಮಾಚಾರಕ್ಕೆಂದು ಹಾಕಿದವರ ಕಿವಿಗೆ ಕೃಷಿ ಮಾತುಕತೆ ಬೀಳುತ್ತದೆ, ಅದರ ಹಿಂದೆಯೇ ನಾಟಕ ಶುರುವಾಗುತ್ತದೆ. ನಾಟಕ ಬೇಕೆಂದು ಯಾರೂ ಕೇಳಿರಲಿಲ್ಲ. ಅರ್ಧ ಗಂಟೆಯಾದ ಮೇಲೆ ಪಾತ್ರಗಳ ಬಗ್ಗೆಯೇ ಜಗಳ ನಡೆದಿರುತ್ತದೆ. ನಮಗೆ ಏನು ಬೇಕೆಂದು ನಮಗೇ ಮೊದಲು ಗೊತ್ತಿದ್ದರೆ ಮಾತ್ರ ಆ್ಯಪ್ ಉಪಯೋಗಕ್ಕೆ ಬರುವುದು.

ಅಂದಹಾಗೆ, ಎಫ್ಎಂ ಬಂದಮೇಲೆ ಮೀಡಿಯಂ ವೇವ್ ಏಕೆ ಎಂದೂ ಲೇಖಕರು ಕೇಳಿದ್ದಾರೆ. ಎಫ್ಎಂ ತರಂಗ ನೇರ ದೃಷ್ಟಿಯಲ್ಲಿ ಸಾಗುವಂಥದು. ಅಡ್ಡ ಗುಡ್ಡ ಬಂದರೆ ಅದರ ಹಿಂದಿನ ಕಣಿವೆಗೆ ಇಳಿಯುವುದಿಲ್ಲ. ಮೀಡಿಯಂ ವೇವ್ ನೆಲದ ಗುಂಟ ಹರಿದು ಬರುತ್ತದೆ. ಬೆಂಗಳೂರು, ಧಾರವಾಡದ ಪ್ರಸಾರಗಳು ಜಿಲ್ಲೆಗಳನ್ನು ದಾಟಿ ನಮ್ಮಂಥ ಮೂಲೆಗಳಿಗೂ ಕೇಳಿಸುತ್ತಿದ್ದದ್ದು ಹಾಗೆ. ಆ ಹಳೆಯ ಟ್ರಾನ್ಸ್‌ಮಿಟರುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದಿರುವುದರಿಂದ ನಷ್ಟ ಯಾರಿಗೆ ಎಂಬುದಕ್ಕೆ ಭೂಪಟ ನೋಡಿದರೆ ಸಾಕು.

ನಾಟಕವನ್ನು ಹಳೆಯ ಧ್ವನಿಮುದ್ರಣಗಳ ಉಗ್ರಾಣಕ್ಕೆ ಸೇರಿಸಿದರಾಯಿತು ಎಂಬ ಮಾತು ನನಗೆ ತುಂಬ ನೋವು ತಂದಿತು. ಪ್ರಾಯದಲ್ಲಿ ಸಣ್ಣಪುಟ್ಟ ಪಾತ್ರಗಳಿಗೆ ಧ್ವನಿ ಕೊಟ್ಟವನು ನಾನು. ರೇಡಿಯೊ ನಾಟಕವೆಂದರೆ ರಂಗದ ನಾಟಕವನ್ನು ಮೈಕಿನ ಮುಂದೆ ನಿಂತು ಓದಿಬಿಡುವುದಲ್ಲ. ಸ್ಕ್ರಿಪ್ಟಿನ ಹಾಳೆಗಳಿಗೆ ಪಿನ್ನು ಹಾಕುವಂತಿಲ್ಲ. ಮುಗಿದ ಹಾಳೆಯನ್ನು ಸದ್ದಾಗದ ಹಾಗೆ ಪಕ್ಕಕ್ಕೆ ಜಾರಿಸಬೇಕು. ಕಲಾವಿದೆಯರು ಗಾಜಿನ ಬಳೆ ಬಿಚ್ಚಿಟ್ಟು ಬರಬೇಕು. ಹೊರಗಿನಿಂದ ಕೂಗುತ್ತ ಬರುವ ಪಾತ್ರವಾದರೆ ಮೈಕಿಗೆ ಬೆನ್ನು ಹಾಕಿ ಮಾತು ಎತ್ತಿಕೊಂಡು, ಆಡುತ್ತಲೇ ಹೆಜ್ಜೆ ಹೆಜ್ಜೆಯಾಗಿ ಹತ್ತಿರಕ್ಕೆ ಬರಬೇಕು. ಎರಡು ಹೆಜ್ಜೆ ಬೇಗ ಬಂದರೆ ಬಾಗಿಲಿನ ಆಚೆ ಇದ್ದವನು ಗೋಡೆ ಒಡೆದು ಒಳಗೆ ಬಂದಂತೆ ಕೇಳಿಸುತ್ತದೆ! ಇದು ಮಾಡಿ ಮಾಡಿ ಕೈಗೆ ಹತ್ತುವ ಕಸುಬು. ಹೊಸ ನಾಟಕ ಬರೆಸುವುದು, ಧ್ವನಿ ಪರೀಕ್ಷೆ ನಡೆಸಿ ಹೊಸಬರನ್ನು ಸೇರಿಸಿಕೊಳ್ಳುವುದು ನಿಂತರೆ ಒಂದು ತಲೆಮಾರಿನಲ್ಲಿ ಆ ಕಸುಬು ಹೋಗುತ್ತದೆ. ಉಗ್ರಾಣದಲ್ಲಿ ಧ್ವನಿ ಸಿಕ್ಕೀತು, ಕಸುಬುದಾರ ಸಿಗುವುದಿಲ್ಲ.

ಕನ್ನಡಕ್ಕೆ ಈ ಕಲೆ ಹೊರಗಿನದೂ ಅಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಳೆ, ಕುಳಿತಲ್ಲೇ ವಾದಿಸುವ ಅರ್ಥಧಾರಿಗಳು, ಇಷ್ಟರಲ್ಲೇ ಕುರುಕ್ಷೇತ್ರ ಎದ್ದು ನಿಲ್ಲುತ್ತದೆ. ಕಿವಿಯಲ್ಲಿ ನಾಟಕ ನೋಡುವುದು ರೇಡಿಯೊ ಬರುವ ಮೊದಲೇ ಕರಾವಳಿ, ಮಲೆನಾಡಿನ ಜನರಿಗೆ ಗೊತ್ತಿತ್ತು. 1950ರಲ್ಲಿ ಶುರುವಾದ ಧಾರವಾಡ ನಿಲಯ ಬೇಂದ್ರೆಯವರಂಥ ಕವಿಯನ್ನು ಸಲಹೆಗಾರರನ್ನಾಗಿ ಕರೆಸಿಕೊಂಡಿತ್ತು. ಬೆಂಗಳೂರಿನ ಎ.ಎಸ್. ಮೂರ್ತಿಯವರು ತಮ್ಮ ಹೆಸರಿಗಿಂತ ‘ಆಕಾಶವಾಣಿ ಈರಣ್ಣ’ ಎಂದೇ ಮನೆಮನೆಗೆ ಪರಿಚಿತರಾಗಿದ್ದರು.

ಲೇಖಕರು ಬಿಬಿಸಿಯ ಉದಾಹರಣೆ ಕೊಟ್ಟಿದ್ದಾರೆ: ಅಲ್ಲಿ ಸಂಗೀತಕ್ಕೆ ಒಂದು ವಾಹಿನಿ, ಆಟಕ್ಕೆ ಇನ್ನೊಂದು. ನಿಜ, ವಾಹಿನಿಗಳು ಬೇಕಾದಷ್ಟಿವೆ. ಆದರೆ ಅವರ ರೇಡಿಯೊ 4ರಲ್ಲಿ ಇವತ್ತಿಗೂ ಸುದ್ದಿ, ಚರ್ಚೆ, ಪುಸ್ತಕ ವಾಚನಗಳ ನಡುವೆಯೇ ನಾಟಕ ಬರುತ್ತದೆ. ಅದೇ ರೇಡಿಯೊ 4ರ ಲಾಂಗ್ ವೇವ್‌ನಲ್ಲಿ 2023ರವರೆಗೂ ಟೆಸ್ಟ್ ಕ್ರಿಕೆಟ್ಟಿನ ವೀಕ್ಷಕ ವಿವರಣೆ ಬರುತ್ತಿತ್ತು. ಓವರ್ ನಡೆಯುತ್ತಿದ್ದರೂ ಹಡಗುಗಳಿಗೆ ಸಮುದ್ರದ ಹವಾಮಾನ ಹೇಳುವ ಹೊತ್ತಾದರೆ ಆಟವನ್ನು ಪಕ್ಕಕ್ಕಿಟ್ಟು ಅದನ್ನು ಹೇಳುತ್ತಿದ್ದರು. ಇದಕ್ಕಿಂತ ಕಲಸುಮೇಲೋಗರ ಬೇಕೆ? ಟಿಪ್ಪು ಸುಲ್ತಾನನ ಕನಸುಗಳ ಬಗ್ಗೆ ಗಿರೀಶ ಕಾರ್ನಾಡರಿಂದ ನಾಟಕ ಬರೆಸಿ 1997ರಲ್ಲಿ, ನಮ್ಮ ಸ್ವಾತಂತ್ರ್ಯದ ಐವತ್ತನೇ ವರ್ಷದಲ್ಲಿ, ಪ್ರಸಾರ ಮಾಡಿದ್ದೂ ಬಿಬಿಸಿ ರೇಡಿಯೊವೇ. ಅದನ್ನು ನಮ್ಮವರು ಬರೆಸಬೇಕಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಸೋಸಿ ಸೋಸಿ ಒಂದೇ ರುಚಿ ಉಳಿಸುವ ಪ್ರಯೋಗ ನಮ್ಮಲ್ಲಿ ಹಿಂದೆ ಆಗಿಹೋಗಿದೆ. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಚಿತ್ರಗೀತೆ ಕೀಳು ಅಭಿರುಚಿಯೆಂದು ಅದನ್ನು ಹತ್ತಿಕ್ಕಿದರು. ಕೇಳುಗರು ಮುಳ್ಳು ತಿರುಗಿಸಿ ರೇಡಿಯೊ ಸಿಲೋನಿಗೆ ಹೋಗಿಬಿಟ್ಟರು. ಹೋದವರನ್ನು ಕರೆತರಲು 1957ರಲ್ಲಿ ವಿವಿಧ ಭಾರತಿ ಹುಟ್ಟಬೇಕಾಯಿತು. ಆಗ ಹಾಡು ಬೇಡ, ರಾಗ ಸಾಕು ಅಂದರು. ಈಗ ಲೇಖಕರು ರಾಗ ಬೇಡ, ಹಾಡು ಸಾಕು ಅನ್ನುತ್ತಿದ್ದಾರೆ. ಚಿತ್ರಗೀತೆಗೆ ಇಂದು ಖಾಸಗಿ ಎಫ್ಎಂಗಳು ಎಷ್ಟು ಬೇಕಾದರೂ ಇವೆ. ಅವುಗಳಿಗೆ ಸ್ವಂತ ಸುದ್ದಿ ಮಾಡಲು ಅನುಮತಿಯಿಲ್ಲ; ಒಂದು ಗಂಟೆಯ ನಾಟಕಕ್ಕೆ ನಾಲ್ಕು ನಿಮಿಷಕ್ಕೊಮ್ಮೆ ಜಾಹೀರಾತು ತುರುಕಲು ಬಾರದ್ದರಿಂದ ಅದರ ತಂಟೆಗೂ ಅವು ಹೋಗುವುದಿಲ್ಲ.

ಹಾಗೆಂದು ಆಕಾಶವಾಣಿ ಮಾಡುತ್ತಿರುವುದೆಲ್ಲ ಸರಿಯೆಂದು ನಾನು ಹೇಳಲಾರೆ. ನಮ್ಮ ಕಡೆ ಕೇಳಿಸುವ ನಿಲಯವೊಂದರಲ್ಲಿ ಸ್ಥಳೀಯ ಕಾರ್ಯಕ್ರಮಕ್ಕಿಂತ ಸಹಪ್ರಸಾರವೇ ಹೆಚ್ಚಾಗಿದೆ. ಬಂದ ನಾಟಕವೇ ಮತ್ತೆ ಬರುತ್ತದೆ. ಕ್ರೀಡೆಯೆಂದರೆ ಕ್ರಿಕೆಟ್ ಒಂದೇ. ಹಳ್ಳಿ ಹಳ್ಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಯುತ್ತದೆ, ತಾಲ್ಲೂಕು ಕೇಂದ್ರದಲ್ಲಿ ಶಾಲಾ ಮಕ್ಕಳ ಖೋ ಖೋ ನಡೆಯುತ್ತದೆ; ಮೈಕಿನವನು ಹೇಳುವುದು ಮೈದಾನ ದಾಟುವುದಿಲ್ಲ. ಕಬಡ್ಡಿಯ ಒಂದು ರೈಡ್ ಮೂವತ್ತೇ ಸೆಕೆಂಡು. ಅಷ್ಟರಲ್ಲಿ ದಾಳಿಗಾರ ಎಡಕ್ಕೆ ಹೋದನೋ ಬಲಕ್ಕೋ, ಬೋನಸ್ ಗೆರೆ ದಾಟಿದನೋ, ಕಾಲು ಹಿಡಿದವರು ಯಾರು ಎಂದೆಲ್ಲ ನೋಡದವರಿಗೆ ಕಾಣಿಸುವ ಹಾಗೆ ಹೇಳಬೇಕು. ಜಂಬೂಸವಾರಿಯನ್ನು ಆನೆಯ ಹೆಜ್ಜೆ ಹೆಜ್ಜೆಗೂ ವರ್ಣಿಸಿ ಮನೆಯಲ್ಲಿ ಕೂತವರಿಗೆ ತೋರಿಸಿದ ಆಕಾಶವಾಣಿಗೆ ಇದು ಅಸಾಧ್ಯವೇ? ಒಂದು ಜಿಲ್ಲಾ ಮಟ್ಟದ ಫೈನಲ್ ಅನ್ನಾದರೂ ಆಯಾ ನಿಲಯ ನೇರವಾಗಿ ಕೇಳಿಸಲಿ. ತಿಂಗಳಿಗೆ ಒಂದಾದರೂ ಹೊಸ ನಾಟಕ ಅದೇ ಜಿಲ್ಲೆಯ ಕಲಾವಿದರಿಂದ ಆಗಲಿ. ಇದಕ್ಕೆ ದೆಹಲಿಯಿಂದ ಹಣ ಬರುವುದಕ್ಕಿಂತ ಮೊದಲು ಖಾಲಿ ಬಿದ್ದ ಹುದ್ದೆಗಳು ತುಂಬಬೇಕು. ಸ್ಟುಡಿಯೊ ಇದ್ದೂ ನಾಟಕ ಮಾಡಿಸುವವರಿಲ್ಲದಿದ್ದರೆ ಏನು ಪ್ರಯೋಜನ?

ಸಂಪಾದಕರೆ, ನಿಮ್ಮ ಮೇಲೂ ಒಂದು ದೂರಿದೆ. ಒಂದು ಕಾಲಕ್ಕೆ ಪತ್ರಿಕೆಗಳು ದಿನದ ರೇಡಿಯೊ ಕಾರ್ಯಕ್ರಮಗಳ ಪಟ್ಟಿ ಹಾಕುತ್ತಿದ್ದವು. ಈಗ ಶುಕ್ರವಾರ ಯಾವ ಒಟಿಟಿಯಲ್ಲಿ ಯಾವ ಸಿನಿಮಾ ಬರುತ್ತದೆಂದು ನೀವು ಅರ್ಧ ಪುಟ ಕೊಡುತ್ತೀರಿ. ಅದೇ ರಾತ್ರಿ ರೇಡಿಯೊದಲ್ಲಿ ನಾಟಕ ಇದೆಯೆಂಬುದು ನಿಮ್ಮ ಓದುಗರಿಗೆ ಗೊತ್ತಾಗುವುದೇ ಇಲ್ಲ. ಆಮೇಲೆ, ರೇಡಿಯೊ ನಾಟಕ ಯಾರೂ ಕೇಳುವುದಿಲ್ಲ ಎಂಬ ಲೇಖನವೂ ನಿಮ್ಮಲ್ಲೇ ಬರುತ್ತದೆ. ವಾರಕ್ಕೊಮ್ಮೆ ಅರ್ಧ ಕಾಲಂ ಸಾಕು: ನಾಟಕದ ಹೆಸರು, ಬರೆದವರು, ನಿಲಯ, ಗಂಟೆ, ಪಂದ್ಯವಿದ್ದರೆ ಪಂದ್ಯ. ಮುಂದಿನ ಸಂಚಿಕೆಯಿಂದಲೇ ಆರಂಭಿಸಬಹುದೇ?

ಇತಿ,
ನಿವೃತ್ತ ಶಿಕ್ಷಕ, ಸಾಗರ ತಾಲ್ಲೂಕು