ಕೆಜಿಎಫ್ ಸೈನೈಡ್ ದಿಬ್ಬಗಳಲ್ಲಿ ಚಿನ್ನ ಎಷ್ಟಿದೆ? ದೆಹಲಿಯ ಲೆಕ್ಕದಲ್ಲಿ ಬಿಟ್ಟುಹೋಗಿರುವುದೇನು?

ನವದೆಹಲಿ: ಹಳೆಯ ಚಿನ್ನದ ಗಣಿಯ ಬಗ್ಗೆ ರಾಜಧಾನಿಯಿಂದ ಸುದ್ದಿ ಹೊರಬಿದ್ದಾಗಲೆಲ್ಲ ಮೊದಲ ಸಾಲಿನಲ್ಲೇ ಒಂದು ದೊಡ್ಡ ಸಂಖ್ಯೆ ಇರುತ್ತದೆ. ಇಷ್ಟು ಕೋಟಿ ಟನ್ ಅದಿರು, ಇಷ್ಟು ಸಾವಿರ ಕೋಟಿ ರೂಪಾಯಿ ಮೌಲ್ಯ. ಓದಿದವರು ಬೆರಗಾಗುತ್ತಾರೆ, ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಳ್ಳುತ್ತಾರೆ, ಕೆಲವು ದಿನಗಳಲ್ಲಿ ಸುದ್ದಿ ತಣ್ಣಗಾಗುತ್ತದೆ. ಕೋಲಾರ ಚಿನ್ನದ ಗಣಿ ಪ್ರದೇಶದ ಜನ ಈ ಆಟವನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದಾರೆ.

ಈ ಬಾರಿ ಮಾತು ಸ್ವಲ್ಪ ಮುಂದೆ ಹೋಗಿದೆ. ಕೆಜಿಎಫ್‌ನ 13 ತ್ಯಾಜ್ಯ ಮಣ್ಣಿನ ದಿಬ್ಬಗಳಿರುವ 1,003.4 ಎಕರೆಯಲ್ಲಿ ಮೇಲ್ಮೈ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಗಣಿಯ ಒಡೆತನ ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದರೆ ಬಿಜಿಎಂಎಲ್‌ನದು. ಆ ಕಂಪನಿ ದೆಹಲಿಯ ಗಣಿ ಸಚಿವಾಲಯದ ಅಧೀನದಲ್ಲಿದೆ. ಹಾಗಾಗಿ ಮಣ್ಣು ಕೋಲಾರ ಜಿಲ್ಲೆಯಲ್ಲಿದ್ದರೂ ಕಡತ ಇರುವುದು ದೆಹಲಿಯಲ್ಲಿ.

ಆ ಮಣ್ಣಿನಲ್ಲಿ ನಿಜಕ್ಕೂ ಎಷ್ಟು ಚಿನ್ನವಿದೆ, ಅದರಲ್ಲಿ ಎಷ್ಟು ಕೈಗೆ ಬರುತ್ತದೆ ಎಂಬುದು ಪ್ರಶ್ನೆ. ಈ ಎರಡು ಬೇರೆ ಬೇರೆ ಸಂಗತಿಗಳು. ಗೊಂದಲ ಶುರುವಾಗುವುದೇ ಇಲ್ಲಿ.

ಅದಿರು ಬೇರೆ, ಚಿನ್ನ ಬೇರೆ

2020ರ ಫೆಬ್ರವರಿ ನೆನಪಿರಬಹುದು. ಉತ್ತರ ಪ್ರದೇಶದ ಸೋನಭದ್ರ ಜಿಲ್ಲೆಯಲ್ಲಿ ಸುಮಾರು 3,000 ಟನ್ ಚಿನ್ನ ಸಿಕ್ಕಿದೆ ಎಂದು ದೇಶವಿಡೀ ಸುದ್ದಿಯಾಯಿತು. ಕೂಡಲೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ (ಜಿಎಸ್‌ಐ) ಅದನ್ನು ಅಲ್ಲಗಳೆಯಿತು. ಸಂಸ್ಥೆ ಅಂದಾಜಿಸಿದ್ದು 52,806 ಟನ್ ಅದಿರನ್ನು, ಟನ್ನಿಗೆ 3.03 ಗ್ರಾಂ ಚಿನ್ನದ ಅಂಶದೊಂದಿಗೆ. ಒಟ್ಟು ಚಿನ್ನ ಸುಮಾರು 160 ಕೆ.ಜಿ. ಟನ್‌ಗಳಲ್ಲಿ ಹೇಳಿದ್ದ ಸಂಪತ್ತು ಕೆ.ಜಿ.ಗಳಿಗೆ ಇಳಿಯಿತು.

ಬಿಹಾರದ ಕತೆ ಇನ್ನೂ ಸ್ವಾರಸ್ಯಕರ. ಆಗ ಕೇಂದ್ರ ಗಣಿ ಸಚಿವರಾಗಿದ್ದ ಪ್ರಲ್ಹಾದ ಜೋಶಿ ಅವರು 2021ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಕೊಟ್ಟ ಮಾಹಿತಿಯಂತೆ, ದೇಶದ ಒಟ್ಟು 50.18 ಕೋಟಿ ಟನ್ ಪ್ರಾಥಮಿಕ ಚಿನ್ನದ ಅದಿರಿನಲ್ಲಿ 22.29 ಕೋಟಿ ಟನ್ ಬಿಹಾರದಲ್ಲೇ ಇದೆ. ಶೇ 44ರಷ್ಟು! 'ದೇಶದ ಅರ್ಧ ಚಿನ್ನ ಬಿಹಾರದಲ್ಲಿ' ಎಂಬ ಧಾಟಿಯ ಶೀರ್ಷಿಕೆಗಳು ಬಂದವು. ಆದರೆ ಅಷ್ಟೂ ಅದಿರಿನಲ್ಲಿರುವ ಲೋಹ 37.6 ಟನ್ ಮಾತ್ರ. ಭಾಗಿಸಿ ನೋಡಿದರೆ ಟನ್ ಕಲ್ಲಿಗೆ 0.17 ಗ್ರಾಂ. ಹೊಸದಾಗಿ ಕಲ್ಲು ಅಗೆದು, ಪುಡಿ ಮಾಡಿ, ಅಷ್ಟು ಚಿನ್ನ ತೆಗೆಯುವುದು ಲಾಭದ ಮಾತಾಗುವುದು ಕಷ್ಟ.

ರಾಜಸ್ಥಾನವನ್ನು ಪಕ್ಕಕ್ಕಿಟ್ಟು ನೋಡಿ. ಬಾಂಸವಾಡ ಜಿಲ್ಲೆಯ ಭೂಕಿಯಾ–ಜಗಪುರದಲ್ಲಿ ಜಿಎಸ್‌ಐ ಅಂದಾಜಿಸಿರುವುದು 11.35 ಕೋಟಿ ಟನ್ ಅದಿರು, ಅಂದರೆ ಬಿಹಾರದ ಅರ್ಧ. ಅದರಲ್ಲಿರುವ ಚಿನ್ನ ಮಾತ್ರ 222 ಟನ್. ಟನ್ನಿಗೆ ಹತ್ತಿರಹತ್ತಿರ 2 ಗ್ರಾಂ ಬೀಳುತ್ತದೆ. ಗಣಿ ಕಂಪನಿಗಳು ಯಾವುದರ ಹಿಂದೆ ಹೋಗುತ್ತವೆ ಎಂದು ಹೇಳಬೇಕಿಲ್ಲ. ಅಂದಹಾಗೆ, ರಾಜಸ್ಥಾನ ಎಂದಕೂಡಲೇ ಮರುಭೂಮಿಯ ಚಿನ್ನ ಎಂದು ಬರೆಯುವ ಚಾಳಿ ಇದೆ. ಬಾಂಸವಾಡ ಇರುವುದು ರಾಜ್ಯದ ದಕ್ಷಿಣ ತುದಿಯ ಗುಡ್ಡಗಾಡಿನಲ್ಲಿ.

ಕೋಲಾರದ ಮಣ್ಣಿನ ತೂಕ

ಕೆಜಿಎಫ್‌ನಲ್ಲಿ ಆಧುನಿಕ ಗಣಿಗಾರಿಕೆ ಬೇರೂರಿದ್ದು 1880ರಲ್ಲಿ, ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ನಂತರ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದದ್ದು ಈ ಗಣಿಗಾಗಿಯೇ. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚುವ ಹೊತ್ತಿಗೆ ಇಲ್ಲಿಂದ ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆರಂಭದ ದಿನಗಳಲ್ಲಿ ಟನ್ ಅದಿರಿಗೆ 40 ಗ್ರಾಂ ದಾಟಿದ್ದ ಇಳುವರಿ ಕೊನೆಗೆ 3 ಗ್ರಾಂ ಆಸುಪಾಸಿಗೆ ಕುಸಿದಿತ್ತು. ಆಳ ಹೆಚ್ಚಿತು, ಖರ್ಚು ಹೆಚ್ಚಿತು, ಚಿನ್ನ ಕಡಿಮೆಯಾಯಿತು. ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು.

ಗಣಿ ಮುಚ್ಚಿದ ಮೇಲೆ ಉಳಿದದ್ದು ಎರಡು. ನೆಲದಡಿಯಲ್ಲಿ ನೀರು ತುಂಬಿದ ಸುರಂಗಗಳು ಮತ್ತು ನೆಲದ ಮೇಲೆ ಬೂದು ಬಣ್ಣದ ದಿಬ್ಬಗಳು. ಅದಿರನ್ನು ನುಣ್ಣಗೆ ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಹೊರಚೆಲ್ಲಿದ ಮಣ್ಣು ಅದು. ಊರವರ ಬಾಯಲ್ಲಿ ಅವು ಸೈನೈಡ್ ದಿಬ್ಬಗಳು. ಸಿನಿಮಾದವರಿಗೆ ಮರಳುಗಾಡಿನ ಸೆಟ್ ಹಾಕುವ ಖರ್ಚು ಉಳಿಸಿದ್ದೂ ಇವೇ.

ಈ ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಮಣ್ಣಿದೆ, ಟನ್ನಿಗೆ ಸರಾಸರಿ 0.7 ಗ್ರಾಂ ಚಿನ್ನವಿದೆ ಎಂಬುದು ಬಹುಕಾಲದಿಂದ ಚಾಲ್ತಿಯಲ್ಲಿರುವ ಅಂದಾಜು. ಗುಣಿಸಿದರೆ 23 ಟನ್.

2017ರ ಮಾರ್ಚ್‌ನಲ್ಲಿ ರಾಯಿಟರ್ಸ್ ಸುದ್ದಿ ಸಂಸ್ಥೆ, ಕೆಜಿಎಫ್ ಗಣಿಯ ಒಳಗಿನ ನಿಕ್ಷೇಪಕ್ಕೆ 117 ಕೋಟಿ ಡಾಲರ್, ದಿಬ್ಬಗಳಲ್ಲಿರುವ ಚಿನ್ನಕ್ಕೆ 88 ಕೋಟಿ ಡಾಲರ್ ಮೌಲ್ಯ ಅಂದಾಜಿಸಲಾಗಿದೆ ಎಂದು ವರದಿ ಮಾಡಿತ್ತು. ಸರ್ಕಾರಿ ಸ್ವಾಮ್ಯದ ಖನಿಜ ಅನ್ವೇಷಣಾ ನಿಗಮ, ಎಂಇಸಿಎಲ್, ಆಗ ಅಲ್ಲಿ ಅನ್ವೇಷಣೆಗೆ ಇಳಿದಿತ್ತು. ಅಂದು ಚಿನ್ನದ ಬೆಲೆ ಔನ್ಸ್‌ಗೆ 1,200 ಡಾಲರ್ ಚಿಲ್ಲರೆ. 88 ಕೋಟಿ ಡಾಲರನ್ನು ಆ ಬೆಲೆಯಿಂದ ಭಾಗಿಸಿ ಟನ್‌ಗೆ ತಿರುಗಿಸಿದರೆ ಸಿಗುವ ಉತ್ತರ 22–23 ಟನ್. ಎಂದರೆ ಅದು ಮಣ್ಣಿನಲ್ಲಿರುವ ಅಷ್ಟೂ ಚಿನ್ನವನ್ನು ಒಂದು ಗುಲಗಂಜಿಯೂ ಬಿಡದಂತೆ, ಒಂದು ರೂಪಾಯಿಯೂ ಖರ್ಚಿಲ್ಲದೆ ತೆಗೆದರೆ ಸಿಗುವ ಮೊತ್ತ. ಹೊಲದಲ್ಲಿರುವ ಬೆಳೆಗೆ ಮಾರುಕಟ್ಟೆ ದರ ಕಟ್ಟಿ, ಕೊಯ್ಲು, ಒಕ್ಕಣೆ, ಸಾಗಣೆಯನ್ನು ಮರೆತ ಹಾಗೆ.

ಕೈಗೆ ಬರುವುದೆಷ್ಟು?

ಒಮ್ಮೆ ಸೈನೈಡ್‌ಗೆ ಸಿಗದೆ ತಪ್ಪಿಸಿಕೊಂಡ ಚಿನ್ನ ಎರಡನೇ ಬಾರಿ ಸುಲಭವಾಗಿ ಸಿಗುತ್ತದೆ ಎನ್ನುವಂತಿಲ್ಲ. ಕೆಲವು ಕಣಗಳು ಹಳೆಯ ತಂತ್ರಜ್ಞಾನದ ದೋಷದಿಂದ ಉಳಿದಿರುತ್ತವೆ. ಅವನ್ನು ಇಂದಿನ ವಿಧಾನದಲ್ಲಿ ತೆಗೆಯಬಹುದು. ಇನ್ನು ಕೆಲವು ಗಂಧಕಯುಕ್ತ ಖನಿಜದ ಹರಳಿನೊಳಗೇ ಸೇರಿಕೊಂಡಿರುತ್ತವೆ. ಮತ್ತೆ ಅರೆಯದೆ ಅಥವಾ ಬೇರೆ ಸಂಸ್ಕರಣೆ ಮಾಡದೆ ಅವು ಹೊರಬರುವುದಿಲ್ಲ. ಕೋಲಾರದಲ್ಲಿ ಈ ವ್ಯತ್ಯಾಸ ಮುಖ್ಯವಾಗುತ್ತದೆ. ಚಾಂಪಿಯನ್ ರೀಫ್‌ನ ಬೆಣಚುಕಲ್ಲಿನ ಅದಿರೂ, ನಂದಿದುರ್ಗ ಗಣಿಯ ಓರಿಯೆಂಟಲ್ ಲೋಡ್‌ನ ಗಂಧಕ ಹೆಚ್ಚಿರುವ ಅದಿರೂ ಒಂದೇ ಗುಣದವಲ್ಲ. ಹಾಗಾಗಿ 13 ದಿಬ್ಬಗಳಿಗೆ ಒಂದೇ ಸರಾಸರಿ ಹೇಳುವುದು, ಆಸ್ಪತ್ರೆಯ ಎಲ್ಲ ರೋಗಿಗಳ ಸರಾಸರಿ ಜ್ವರ ಹೇಳಿದಷ್ಟೇ ಉಪಯುಕ್ತ.

ಪ್ರತಿ ದಿಬ್ಬವನ್ನೂ ಬುಡದವರೆಗೆ ಕೊರೆದು, ಪದರ ಪದರವಾಗಿ ಮಾದರಿ ತೆಗೆಯಬೇಕು. ಚಿನ್ನದ ಪ್ರಮಾಣ ಅಳೆದರೆ ಅರ್ಧ ಕೆಲಸ ಮಾತ್ರ. ಆ ಮಾದರಿಯನ್ನು ಪ್ರಯೋಗಾಲಯದಲ್ಲಿ ಸಂಸ್ಕರಿಸಿ ಎಷ್ಟು ಪಾಲು ಹೊರಬರುತ್ತದೆ ಎಂದು ತೋರಿಸುವುದು ಇನ್ನರ್ಧ. ಬಂಡವಾಳ ಹೂಡುವವರು ಕೇಳುವುದು ಈ ಎರಡನೆಯ ಸಂಖ್ಯೆಯನ್ನು.

ಉದಾಹರಣೆಗೆ ಒಂದು ಸರಳ ಲೆಕ್ಕ. ಮೂರರಲ್ಲಿ ಎರಡು ಪಾಲು ಚಿನ್ನ ಸಿಗುತ್ತದೆ ಎಂದು ಇಟ್ಟುಕೊಳ್ಳೋಣ. 23 ಟನ್ 15ಕ್ಕೆ ಇಳಿಯುತ್ತದೆ. ದಿನಕ್ಕೆ 10 ಸಾವಿರ ಟನ್ ಮಣ್ಣು ಸಂಸ್ಕರಿಸುವ ಘಟಕ ಹಾಕಿದರೆ ಒಂಬತ್ತು–ಹತ್ತು ವರ್ಷದ ಕೆಲಸ. ವರ್ಷಕ್ಕೆ ಸರಾಸರಿ ಒಂದೂವರೆ ಟನ್. ರಾಯಚೂರು ಜಿಲ್ಲೆಯ ಹಟ್ಟಿ ಗಣಿ ವರ್ಷಕ್ಕೆ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ. ಭಾರತ ವರ್ಷಕ್ಕೆ ಆಮದು ಮಾಡಿಕೊಳ್ಳುವುದು 700ರಿಂದ 800 ಟನ್. ಆಮದಿನ ಹೊರೆ ಇಳಿಸಲು ಕೆಜಿಎಫ್ ಎಂಬ ವಾದ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಆದರೆ ಹತ್ತು ವರ್ಷ ನಡೆಯುವ ಇನ್ನೊಂದು ಹಟ್ಟಿ ಎಂದರೆ ಕೋಲಾರ ಜಿಲ್ಲೆಗೆ ಸಣ್ಣ ಮಾತಲ್ಲ.

ಬೆಲೆ ಈ ವಾದದ ಪರವಾಗಿದೆ. 2025ರ ಅಕ್ಟೋಬರ್‌ನಲ್ಲಿ ಚಿನ್ನ ಔನ್ಸ್‌ಗೆ 4,000 ಡಾಲರ್ ದಾಟಿತು, 2017ರ ಮೂರು ಪಟ್ಟಿಗಿಂತ ಹೆಚ್ಚು. ಅಂದು ನಷ್ಟವಾಗುತ್ತಿದ್ದ ಮಣ್ಣು ಇಂದು ಲಾಭ ತರಬಹುದು. ಕೆಜಿಎಫ್ ಅದಿರಿನಲ್ಲಿ ಶೀಲೈಟ್ ರೂಪದಲ್ಲಿ ಟಂಗ್‌ಸ್ಟನ್ ಇರುವುದೂ ಹಳೆಯ ತಿಳಿವಳಿಕೆ. 2023ರಲ್ಲಿ ಕೇಂದ್ರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಟಂಗ್‌ಸ್ಟನ್ ಸೇರಿದೆ.

ಹೊರಗಿನ ಅನುಭವ

ಹಳೆಯ ಗಣಿಗೆ ಮರುಜೀವ ಬಂದ ಉದಾಹರಣೆಗಳು ಇಲ್ಲವೆಂದಲ್ಲ. ಸೌದಿ ಅರೇಬಿಯಾದ ಮರುಭೂಮಿಯಲ್ಲಿರುವ ಮಹದ್ ಅದ್ ದಹಬ್ ಸಾವಿರಾರು ವರ್ಷಗಳಷ್ಟು ಹಿಂದೆಯೇ ಜನ ಅಗೆದಿದ್ದ ಗಣಿ. 1939ರಿಂದ 1954ರವರೆಗೆ ಅಲ್ಲಿ ಮತ್ತೆ ಚಿನ್ನ ತೆಗೆದರು, ಪ್ರಾಚೀನರು ಬಿಟ್ಟುಹೋಗಿದ್ದ ತ್ಯಾಜ್ಯವನ್ನೂ ಸೇರಿಸಿ. ಗಣಿ ಮುಗಿಯಿತು ಎಂದು ಕೈಬಿಟ್ಟ ಮೇಲೆ 1970ರ ದಶಕದಲ್ಲಿ ಭೂವಿಜ್ಞಾನಿಗಳು ಪಕ್ಕದಲ್ಲೇ ಹೊಸ ನಿಕ್ಷೇಪ ಪತ್ತೆ ಮಾಡಿದರು. 1988ರಲ್ಲಿ ಉತ್ಪಾದನೆ ಪುನರಾರಂಭವಾಯಿತು. ನಮ್ಮ ಹಟ್ಟಿಯೂ ಹೀಗೆಯೇ. ಬ್ರಿಟಿಷರ ಕಾಲದ ಕಂಪನಿ ಕೈಚೆಲ್ಲಿದ ಗಣಿಗೆ 1947ರಲ್ಲಿ ಹೊಸ ಕಂಪನಿ ಹುಟ್ಟಿತು. ಅದು ಇಂದಿಗೂ ನಡೆಯುತ್ತಿದೆ.

ದಿಬ್ಬಗಳ ವಿಷಯಕ್ಕೆ ಹತ್ತಿರದ ಮಾದರಿ ದಕ್ಷಿಣ ಆಫ್ರಿಕಾ. ಜೋಹಾನ್ಸ್‌ಬರ್ಗ್ ಸುತ್ತಲಿನ ಶತಮಾನ ಹಳೆಯ ದಿಬ್ಬಗಳನ್ನು ಡಿಆರ್‌ಡಿ ಗೋಲ್ಡ್ ಕಂಪನಿ ರಭಸದ ನೀರಿನಿಂದ ಕರಗಿಸಿ, ಕೆಸರು ಮಾಡಿ, ಪೈಪ್‌ನಲ್ಲಿ ಘಟಕಕ್ಕೆ ಹರಿಸುತ್ತದೆ. ಅಲ್ಲಿ ಟನ್ನಿಗೆ ಸಿಗುವುದು 0.2 ಗ್ರಾಂ ಆಸುಪಾಸು, ಕೋಲಾರದ ಅಂದಾಜಿನ ಮೂರನೇ ಒಂದು ಭಾಗದಷ್ಟು. ಆದರೂ ಲಾಭ, ಏಕೆಂದರೆ ಅದರ ಎರ್ಗೊ ಘಟಕವೊಂದರಲ್ಲೇ ವರ್ಷಕ್ಕೆ ಸುಮಾರು 2 ಕೋಟಿ ಟನ್ ಮಣ್ಣು ಹಾದುಹೋಗುತ್ತದೆ. ಕೋಲಾರದ ಅಷ್ಟೂ ಮಣ್ಣು ಆ ಘಟಕಕ್ಕೆ ಎರಡು ವರ್ಷದ ಊಟವೂ ಅಲ್ಲ. ನೀರಿನ ಪ್ರಶ್ನೆಯೂ ಇದೆ. ಬರಕ್ಕೆ ಹೆಸರಾದ ಕೋಲಾರದಲ್ಲಿ ದಿಬ್ಬ ಕರಗಿಸಲು ನೀರು ಎಲ್ಲಿಂದ ಎಂಬುದಕ್ಕೆ ಟೆಂಡರ್‌ಗೂ ಮೊದಲೇ ಉತ್ತರ ಬೇಕು.

ಉಳಿದ ಮಣ್ಣು ಎಲ್ಲಿಗೆ?

ದೆಹಲಿಯ ಚರ್ಚೆಯಲ್ಲಿ ಕಡಿಮೆ ಕೇಳಿಬರುವ ಮಾತು ಇದು. ಒಂದು ಟನ್ ಮಣ್ಣಿನಿಂದ ತೆಗೆಯುವುದು ಒಂದು ಗ್ರಾಂಗೂ ಕಡಿಮೆ. ಎಂದರೆ ಚಿನ್ನವೆಲ್ಲ ಹೋದ ಮೇಲೂ 3.3 ಕೋಟಿ ಟನ್ ಮಣ್ಣು ಹಾಗೇ ಇರುತ್ತದೆ, ಹೊಸದಾಗಿ ಸೈನೈಡ್‌ನಲ್ಲಿ ನೆನೆದು. ಬೇಸಿಗೆಯ ಗಾಳಿಗೆ ಈ ದಿಬ್ಬಗಳ ಧೂಳು ಮನೆಯೊಳಗೆ, ಅನ್ನದ ತಟ್ಟೆಯೊಳಗೆ ಬರುತ್ತದೆ ಎಂಬುದು ಕೆಜಿಎಫ್ ನಿವಾಸಿಗಳ ಬಹುಕಾಲದ ದೂರು. ದಿಬ್ಬ ಕರಗಿಸಿ, ತಳಕ್ಕೆ ಹೊದಿಕೆ ಹಾಕಿದ ಸುರಕ್ಷಿತ ಜಾಗದಲ್ಲಿ ಮಣ್ಣು ತುಂಬಿ, ಮೇಲೆ ಹಸಿರು ಬೆಳೆಸಿದರೆ ಈ ಯೋಜನೆ ಊರನ್ನು ಧೂಳಿನಿಂದ ಬಿಡಿಸಬಹುದು. ಚಿನ್ನವಷ್ಟೇ ತೆಗೆದು ಮಣ್ಣನ್ನು ಪಕ್ಕಕ್ಕೆ ಸರಿಸಿದರೆ ಹಳೆಯ ದಿಬ್ಬದ ಜಾಗದಲ್ಲಿ ಹೊಸ ದಿಬ್ಬ, ಅಷ್ಟೇ. ಮೊದಲನೆಯದಕ್ಕೆ ಹಣ ಬೇಕು. ಆ ಹಣವನ್ನು ಯೋಜನಾ ವೆಚ್ಚದಲ್ಲಿ ಸೇರಿಸಿದರೆ ಲಾಭ ಕಡಿಮೆ ಕಾಣುತ್ತದೆ, ಬಿಡ್ ಮೊತ್ತ ಇಳಿಯುತ್ತದೆ. ಬಿಡ್ ಮೊತ್ತವನ್ನೇ ಯಶಸ್ಸಿನ ಅಳತೆಗೋಲು ಮಾಡಿಕೊಂಡ ಯಾವ ಸರ್ಕಾರಕ್ಕೂ ಇದು ರುಚಿಸದು.

ನೆಲದಡಿಯ ಗಣಿಯನ್ನು ಮತ್ತೆ ತೆರೆಯುವ ಮಾತು ಸದ್ಯಕ್ಕೆ ದೂರ. ಸುರಂಗಗಳ ನೀರು ಹೊರಹಾಕುವುದೇ ವರ್ಷಗಳ ಕೆಲಸ. ಕಲ್ಲು ಸಿಡಿಯುವ ಅಪಾಯ, ಆಳದ ಬಿಸಿ ಎರಡೂ ಈ ಗಣಿಗೆ ಹಳೆಯ ಶಾಪ. 2013ರಲ್ಲಿ ಸುಪ್ರೀಂ ಕೋರ್ಟ್ ಜಾಗತಿಕ ಟೆಂಡರ್‌ಗೆ ದಾರಿ ಮಾಡಿಕೊಟ್ಟಾಗ ಎದ್ದಿದ್ದ ನಿರೀಕ್ಷೆಯೂ ಗಣಿಯ ಬಾಗಿಲು ತೆರೆಸಲಿಲ್ಲ. ಆದ್ದರಿಂದ ದಿಬ್ಬಗಳಿಂದ ಆರಂಭಿಸುವ ನಿರ್ಧಾರ ಸರಿಯಾದದ್ದೇ. ಅಗೆಯಬೇಕಿಲ್ಲ, ಬಹುಪಾಲು ಅರೆಯಬೇಕಿಲ್ಲ, ಮಣ್ಣು ಕಣ್ಣೆದುರೇ ಇದೆ.

ಆಗಬೇಕಾದ ಮೊದಲ ಕೆಲಸ ಕಷ್ಟದ್ದೂ ಅಲ್ಲ. ದಿಬ್ಬವಾರು ಕೊರೆತದ ಫಲಿತಾಂಶ, ಪ್ರಯೋಗಾಲಯದಲ್ಲಿ ಚಿನ್ನ ಹೊರಬಂದ ಪ್ರಮಾಣ, ಉಳಿದ ಮಣ್ಣಿನ ವಿಲೇವಾರಿ ಯೋಜನೆ, ಈ ಮೂರನ್ನೂ ಗಣಿ ಸಚಿವಾಲಯ ಟೆಂಡರ್‌ಗೆ ಮೊದಲು ಸಾರ್ವಜನಿಕವಾಗಿ ಇಡಬೇಕು. ಕನ್ನಡ ಮತ್ತು ತಮಿಳಿನಲ್ಲಿ ಒಂದೆರಡು ಪುಟದ ಸಾರಾಂಶ ಇದ್ದರೆ ಕೆಜಿಎಫ್‌ನವರೂ ಓದುತ್ತಾರೆ. ದಿನವೂ ನಸುಕಿನಲ್ಲಿ ಮಾರಿಕುಪ್ಪಂನಿಂದ ರೈಲು ಹತ್ತಿ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಸಾವಿರಾರು ಜನರಲ್ಲಿ ಅನೇಕರು ಆ ಗಣಿ ಕಾರ್ಮಿಕರ ಮಕ್ಕಳು. ಘಟಕ ಬಂದರೆ ತಮ್ಮೂರಿನಲ್ಲಿ ಎಷ್ಟು ಕೆಲಸ ಹುಟ್ಟುತ್ತದೆ, ಅದು ಎಷ್ಟು ವರ್ಷ ಉಳಿಯುತ್ತದೆ ಎಂದು ಅವರು ಕೇಳುತ್ತಿದ್ದಾರೆ. 88 ಕೋಟಿ ಡಾಲರ್ ಎಂಬ ಸಂಖ್ಯೆಯಲ್ಲಿ ಅದಕ್ಕೆ ಉತ್ತರವಿಲ್ಲ.