ಆಟಿಕೆಯ ದೋಷ, ದಂಡ ಯಾರಿಗೆ?

ಅಷ್ಟೂರಿನ ಜಾತ್ರೆಯಲ್ಲಿ ಕೂಲಿಕಾರನು ಮಗುವಿಗೆ ಕೊಡಿಸುವ ಆಟಿಕೆಯ ಬಣ್ಣದಲ್ಲಿ ಸೀಸವಿರಕೂಡದು. ಇದರಲ್ಲಿ ಎರಡು ಮಾತಿಲ್ಲ. ಆದರೆ ದಂಡ ತೆರುವವರಾರು?

2007ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿಯು ಸೀಸದ ಬಣ್ಣ, ಕಳಚಿ ಬೀಳುವ ಅಯಸ್ಕಾಂತಗಳ ದೆಸೆಯಿಂದ ಲಕ್ಷಗಟ್ಟಲೆ ಆಟಿಕೆಗಳನ್ನು ಹಿಂದಕ್ಕೆ ಪಡೆಯಿತು. ಸರಕು ಒದಗಿಸಿದ್ದ ಚೀನದ ಕಾರಖಾನೆಯೊಂದರ ಒಡೆಯ ಆತ್ಮಹತ್ಯೆ ಮಾಡಿಕೊಂಡ. ಕಂಪನಿಯು 2009ರಲ್ಲಿ 23 ಲಕ್ಷ ಡಾಲರ್ ದಂಡ ಕಟ್ಟಿ ಕೈತೊಳೆದುಕೊಂಡಿತು. ಅಲ್ಲಿಯ 2008ರ ಕಾನೂನು ವಿಧಿಸಿದ ಪರೀಕ್ಷೆಯ ವೆಚ್ಚಕ್ಕೆ ಸಣ್ಣ ತಯಾರಕರು ತತ್ತರಿಸಿದರು. ಮ್ಯಾಟೆಲ್‌ಗೋ ಸ್ವಂತ ಪ್ರಯೋಗಶಾಲೆಯಲ್ಲೇ ಪರೀಕ್ಷಿಸಿಕೊಳ್ಳುವ ಅನುಮತಿ!

ನಮ್ಮಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇರುವುದನ್ನು ನಾವು ಸ್ವಾಗತಿಸುತ್ತೇವೆ. ನೋಂದಣಿಯಿಲ್ಲದವನ ಗತಿಯೇನು? ಸರಕಾರವು ಅವನ ಸರಕನ್ನು ಪುಕ್ಕಟೆಯಾಗಿ ಪರೀಕ್ಷಿಸಿಕೊಡಲಿ. ಹಿಂದಕ್ಕೆ ಪಡೆದ ಮಾಲಿನ ಬೆಲೆಯನ್ನು ಜಾತ್ರೆಯ ಅಂಗಡಿಯವನಿಗೆ ಕಂಪನಿಯೇ ತುಂಬಿಕೊಡಬೇಕೆಂದು ನಾವು ಒತ್ತಾಯಿಸುತ್ತೇವೆ.