ಕಪಾಟಿನ ಸ್ಪಿರಿಟ್ ಮತ್ತು ನಮ್ಮ ಮಕ್ಕಳು

2021ರ ಜನವರಿ 31ರಂದು ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹಳ್ಳಿಯೊಂದರಲ್ಲಿ ಪೋಲಿಯೋ ಹನಿಗೆಂದು ಬಾಯಿ ತೆರೆದ ಹನ್ನೆರಡು ಪುಟ್ಟ ಮಕ್ಕಳಿಗೆ ಸ್ಯಾನಿಟೈಸರ್ ಹನಿಸಲಾಯಿತು. ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು; ದೇವರ ದಯದಿಂದ ಎಲ್ಲರೂ ಚೇತರಿಸಿಕೊಂಡರು. ಆರೋಗ್ಯ ಕಾರ್ಯಕರ್ತರ ಕೈಯೇ ತಪ್ಪುವುದಾದರೆ, ಮುಂಜಾನೆಯ ಗಡಿಬಿಡಿಯಲ್ಲಿರುವ ತಾಯಿಯ ಕೈ, ಕಣ್ಣು ಮಂಜಾದ ಅಜ್ಜಿಯ ಕೈ ತಪ್ಪದೆಂದು ಹೇಳಲಾದೀತೇ?

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳ ನಮ್ಮ ಮನೆಗಳಲ್ಲಿ ಇಂಥ ಬಾಟಲಿಗಳಿಗೆ ಕೊರತೆಯಿಲ್ಲ. ಕೋವಿಡ್ ಕಾಲದಲ್ಲಿ ತಂದಿಟ್ಟ ಸ್ಯಾನಿಟೈಸರ್, ಹಿರಿಯರ ಇನ್ಸುಲಿನ್ ಚುಚ್ಚುಮದ್ದಿಗೆಂದು ತಂದ ಸ್ಪಿರಿಟ್, ವಿದೇಶದಿಂದ ಬಂದ ಸೆಂಟು, ಮೊಂತಿ ಹಬ್ಬಕ್ಕೋ ಕ್ರಿಸ್ಮಸ್‌ಗೋ ತಂದು ಉಳಿದ ಬ್ರಾಂದಿ. ನಾವು ಮಾಡುವ ದೊಡ್ಡ ಪ್ರಮಾದವೆಂದರೆ, ಇವನ್ನು ಕುಡಿಯುವ ನೀರಿನ ಖಾಲಿ ಬಾಟಲಿಗಳಿಗೆ ತುಂಬಿಡುವುದು. ಓದಲು ಬಾರದ ಮಗುವಿಗೆ ಬಾಟಲಿಯ ಆಕಾರವೇ ಚೀಟಿ.

ಬ್ರಾಂದಿಯಲ್ಲಿ ಮದ್ಯಸಾರ ನೂರಕ್ಕೆ ಸುಮಾರು 43 ಪಾಲು. ಸ್ಯಾನಿಟೈಸರ್‌ನಲ್ಲಿ ಸಾಮಾನ್ಯವಾಗಿ 60ಕ್ಕೂ ಮಿಕ್ಕಿ. ಮಗುವಿನ ಯಕೃತ್ತು ಅದನ್ನು ಅರಗಿಸುವುದರಲ್ಲಿ ತೊಡಗಿದಾಗ ರಕ್ತಕ್ಕೆ ಸಕ್ಕರೆ ಒದಗಿಸುವ ಕಾರ್ಯ ಕುಂಠಿತವಾಗುತ್ತದೆ. ಮೈ ತಣ್ಣಗಾಗಿ, ತೂಕಡಿಕೆ ಬಂದು, ಸೆಳೆತವೂ ಉಂಟಾಗಬಹುದು. ಮಗು ಆಡಿ ದಣಿದು ಮಲಗಿದೆಯೆಂದು ಹೊದಿಕೆ ಹೊದಿಸಿ ಸುಮ್ಮನಾಗುವ ಅಪಾಯ ಇಲ್ಲಿಯೇ ಇದೆ. ಹಲವು ಸ್ಪಿರಿಟ್‌ಗಳಲ್ಲಿರುವ ಐಸೋಪ್ರೊಪೈಲ್ ಎಂಬುದು ಇನ್ನೂ ಹೆಚ್ಚು ಮಂಪರು ತರುವಂಥದು, ಹೊಟ್ಟೆಯಲ್ಲಿ ರಕ್ತಸ್ರಾವಕ್ಕೂ ಕಾರಣವಾಗಬಲ್ಲದು.

ಎಲ್ಲಕ್ಕಿಂತ ಕ್ರೂರವಾದುದು ಮಿಥೈಲ್. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಇದೇ. ಬಣ್ಣದ ಥಿನ್ನರ್, ಮರದ ಪಾಲಿಶ್ ಮುಂತಾದವುಗಳಲ್ಲಿ ಇದು ಇರಬಹುದು. ದೇಹದೊಳಗೆ ಇದು ಫಾರ್ಮಿಕ್ ಆಮ್ಲವಾಗಿ ಮಾರ್ಪಡುತ್ತದೆ. ಬೆಳ್ತಂಗಡಿಯ ರಬ್ಬರ್ ಕೃಷಿಕರು ಹಾಲು ಹೆಪ್ಪುಗಟ್ಟಿಸಲು ಬಳಸುವ ಆಸಿಡ್ ಅದೇ. ಮೊದಲ ಹಲವು ಗಂಟೆ ಮಗು ಚೆನ್ನಾಗಿಯೇ ಇದ್ದಂತೆ ಕಂಡು, ಬಳಿಕ ಕಣ್ಣಿನ ದೃಷ್ಟಿಗೇ ಕುತ್ತು ಬರಬಹುದು. ರಬ್ಬರ್ ಆಸಿಡ್ಡಿನ ಕ್ಯಾನನ್ನು ಎಲ್ಲಿಡುತ್ತೇವೆಂಬುದನ್ನೂ ಈ ಸಂದರ್ಭದಲ್ಲಿ ನೋಡಿಕೊಳ್ಳುವುದು ಲೇಸು.

ಇನ್ನು ನಮ್ಮವರ ಹಳೆಯ ರೂಢಿಗಳು. ಶೀತವಾದ ಕೂಸಿಗೆ ಒಂದು ಚಮಚ ಬ್ರಾಂದಿ. ಜ್ವರ ಬಂದರೆ ಹಣೆಗೆ ಕಲೋನ್ ಬಟ್ಟೆ, ಮೈಗೆ ಸ್ಪಿರಿಟ್. ಹಿರಿಯರು ಪ್ರೀತಿಯಿಂದಲೇ ಮಾಡಿದರು, ಅವರನ್ನು ದೂರಲಾರೆವು. ಆದರೆ ಸ್ಪಿರಿಟ್ ಮಗುವಿನ ತೆಳು ಚರ್ಮದ ಮೂಲಕವೂ ಉಸಿರಿನ ಮೂಲಕವೂ ಒಳಸೇರಿ ಪ್ರಜ್ಞೆ ತಪ್ಪಿಸಬಲ್ಲದೆಂದು ವೈದ್ಯಶಾಸ್ತ್ರ ಕಂಡುಕೊಂಡಿದೆ. ಆ ರೂಢಿಯನ್ನು ಬಿಟ್ಟುಬಿಡೋಣ.

ನಮ್ಮನ್ನು ಹೆಚ್ಚು ಕಾಡುವುದು ಬೇರೊಂದು ವಿಷಯ. ಮಗು ಅಪ್ಪನ ಬಾಟಲಿಯಿಂದ ಕುಡಿಯಿತೆಂದು ಹೇಳಲು ನಾಚಿಕೆ. ಗುರಿಕಾರರಿಗೆ ತಿಳಿದರೆ, ಚರ್ಚಿನಲ್ಲಿ ಸುದ್ದಿಯಾದರೆ ಎಂಬ ಅಂಜಿಕೆ. ಹಾಗಾಗಿ ವೈದ್ಯರ ಮುಂದೆ "ಏನೋ ತಿಂದಿರಬೇಕು" ಎಂಬ ಮಾತು. ವೈದ್ಯರು ಮೊದಲು ರಕ್ತದ ಸಕ್ಕರೆ ನೋಡಬೇಕೋ, ಮಿಥೈಲ್‌ಗೆ ಪ್ರತ್ಯೌಷಧ ಕೊಡಬೇಕೋ ಎಂಬುದು ನಮ್ಮ ನಿಜ ನುಡಿಯ ಮೇಲೆ ನಿಂತಿದೆ. ಬಂಟ್ವಾಳದವರಿಗೆ ಮಂಗಳೂರು ಹತ್ತಿರ. ಘಟ್ಟದ ಬುಡದ ಮನೆಗಳಿಂದ ಎರಡು ಗಂಟೆಯ ದಾರಿ. ಆದ್ದರಿಂದ ಮೊದಲು ಸಮೀಪದ ಆಸ್ಪತ್ರೆಗೆ ಧಾವಿಸಬೇಕು, ಬಾಟಲಿಯನ್ನೂ ಒಯ್ಯಬೇಕು. ಗಂಟಲಿಗೆ ಬೆರಳು ಹಾಕಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಕೂಡದು. ಮಂಪರಿನ ಮಗುವಿನ ಶ್ವಾಸಕೋಶಕ್ಕೆ ಅದು ಇಳಿದೀತು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬಹುದು. ದೆಹಲಿಯ ಏಮ್ಸ್ ಆಸ್ಪತ್ರೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117.

ಪ್ರಥಮ ಪರಮಪ್ರಸಾದದ ಔತಣಗಳು ನಮ್ಮ ಅಂಗಳಗಳಲ್ಲಿ ನಡೆಯುತ್ತಲೇ ಇರುತ್ತವೆ. ದೊಡ್ಡವರು ಊಟಕ್ಕೆದ್ದಾಗ ಮೇಜಿನ ಮೇಲೆ ಗ್ಲಾಸುಗಳು ಅರೆ ತುಂಬಿ ಉಳಿದಿರುತ್ತವೆ, ಮಕ್ಕಳು ಅದರ ಸುತ್ತಲೇ ಓಡಾಡುತ್ತಾರೆ. ಊಟಕ್ಕೇಳುವ ಮುನ್ನ ಆ ಗ್ಲಾಸುಗಳನ್ನು ಚೆಲ್ಲಿ ತೊಳೆಯುವ ಹೊಣೆಯನ್ನು ಮನೆಯ ಯಜಮಾನರೇ ವಹಿಸಿಕೊಳ್ಳಲಿ ಎಂದು ವಿನಂತಿಸುತ್ತೇವೆ.